ಬ್ಲಾಗ್ ಎಲ್ಲಿ ಕಟ್ಟಬೇಕು? ಮೊದಲು ವಿಳಾಸ, ಆಮೇಲೆ ಮನೆ

ಕಳೆದ ದೀಪಾವಳಿಯಿಂದೀಚೆಗೆ ಮೂವರು ಒಂದೇ ಪ್ರಶ್ನೆ ಹಿಡಿದುಕೊಂಡು ಬಾಗಲಕೋಟೆಯ ನಮ್ಮ ಮನೆಗೆ ಬಂದಿದ್ದಾರೆ. ಮೊದಲನೆಯವರು ವಿಜಯಪುರದ ನಿವೃತ್ತ ಶಿಕ್ಷಕಿ. ಅವರ ತಾಯಿ ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳು ನಾಲ್ಕು ನೋಟ್‌ಬುಕ್ ತುಂಬ ಇವೆ. ಅವು ತಮ್ಮೊಂದಿಗೇ ಮುಗಿದುಹೋಗಬಾರದು ಎಂಬುದು ಅವರ ಆಸೆ. ಎರಡನೆಯವಳು ಗುಳೇದಗುಡ್ಡದಲ್ಲಿ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಮನೆಯ ಮಗಳು. ಕೈಮಗ್ಗದ ಖಣ ಯಾವುದು, ಪವರ್‌ಲೂಮಿನದು ಯಾವುದು ಎಂದು ಕೊಳ್ಳುವವರಿಗೆ ತಿಳಿಸಿ, ಅದರ ಜೊತೆಗೇ ನಾಲ್ಕು ಪೀಸ್ ಮಾರಬೇಕೆಂದಿದ್ದಾಳೆ. ಮೂರನೆಯವನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನ ಮೊದಲ ವರ್ಷ ಒದ್ದಾಡಿದವನು. ತನ್ನ ಹಿಂದೆ ಬರುವವರಿಗೆ ಪ್ರೋಗ್ರಾಮಿಂಗನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಹುಮ್ಮಸ್ಸು ಅವನಿಗೆ.

"ಅಣ್ಣಾರ, ಒಬ್ಬರು ಬ್ಲಾಗರ್ ಅಂತಾರ, ಒಬ್ಬರು ವರ್ಡ್‌ಪ್ರೆಸ್ ಅಂತಾರ, ನಮ್ಮ ಮಾವ ಫೇಸ್‌ಬುಕ್ ಸಾಕು ಅಂತಾನ. ಯಾವುದರಾಗ ಬರೀಲಿ?" ಎಂದು ಕೇಳಿದ್ದು ಗುಳೇದಗುಡ್ಡದ ಹುಡುಗಿ. ಉಳಿದಿಬ್ಬರ ಪ್ರಶ್ನೆಯೂ ಇದೇ. ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಹಾಗೇಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಉತ್ತರ ಇವರಲ್ಲಿ ಯಾರದಕ್ಕೆ ಹತ್ತಿರ ಎಂದು ನೀವೇ ನೋಡಿಕೊಳ್ಳಬಹುದು.

ಅಳತೆಗೋಲು ಮೊದಲು

ಯಾವುದು ಚೆಂದ ಕಾಣುತ್ತದೆ ಎಂಬಲ್ಲಿಂದ ಶುರು ಮಾಡಬೇಡಿ. ಇವತ್ತು ಯಾವ ಜಾಗದಲ್ಲಿ ಬರೆದರೂ ಪುಟವನ್ನು ಸುಮಾರಾಗಿ ಚೆಂದ ಮಾಡಬಹುದು. ನಾನು ಕೇಳಿಸುವ ಪ್ರಶ್ನೆಗಳು ಬೇರೆ. ಜನ ನಿಮ್ಮನ್ನು ಹುಡುಕಿಕೊಂಡು ಬರುವ ವಿಳಾಸ ಯಾರದು? ಮೊದಲ ವರ್ಷದ ರಿಯಾಯಿತಿ ಮುಗಿದ ಮೇಲೆ, ಎರಡನೆಯ ವರ್ಷ ಎಷ್ಟು ಕಟ್ಟಬೇಕು? ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ಬರೀ ಮೊಬೈಲಿನಲ್ಲಿ ನಡೆಯುತ್ತದೆಯೇ? ಕನ್ನಡ ಅಲ್ಲಿ ಹೇಗೆ ಕೂರುತ್ತದೆ? ನಾಳೆ ಆ ಜಾಗ ಬಿಡಬೇಕಾದರೆ ಬರೆದದ್ದನ್ನೆಲ್ಲ ಗಂಟು ಕಟ್ಟಿಕೊಂಡು ಹೊರಡಬಹುದೇ? ಇನ್ನು ಕೊನೆಯದು, ಬರೆಯುವುದನ್ನು ಬಿಟ್ಟು ಬರೀ ಅದರ ಆರೈಕೆಗೆ ತಿಂಗಳಿಗೆ ಎಷ್ಟು ಹೊತ್ತು ಕೊಡಬಲ್ಲಿರಿ?

ಇವುಗಳಲ್ಲಿ ಮೊದಲನೆಯದೇ ನನಗೆ ಎಲ್ಲಕ್ಕಿಂತ ದೊಡ್ಡದು. ಕಾರಣ ಬಾಗಲಕೋಟೆಯವರಿಗೆ ಬೇಗ ಅರ್ಥವಾಗುತ್ತದೆ. ಆಲಮಟ್ಟಿಯ ಹಿನ್ನೀರು ಬಂದು ಹಳೇ ಊರಿನ ಎಷ್ಟೋ ಮನೆಗಳು ಮುಳುಗಿ, ಜನ ನವನಗರದ ಸೆಕ್ಟರುಗಳಿಗೆ ಬಂದರು. ಸಾಮಾನು ಸಾಗಿಸಿದ್ದು ಒಂದು ಕೆಲಸವಾದರೆ, ಬೀಗರಿಗೆ, ಬ್ಯಾಂಕಿಗೆ, ಪೋಸ್ಟಿನವರಿಗೆ, ಗಿರಾಕಿಗಳಿಗೆ ಹೊಸ ವಿಳಾಸ ಮುಟ್ಟಿಸಿದ್ದು ವರ್ಷಗಟ್ಟಲೆಯ ಕೆಲಸ. ಬ್ಲಾಗಿನಲ್ಲೂ ಇದೇ ಆಗುತ್ತದೆ. ಒಂದು ವ್ಯತ್ಯಾಸವೆಂದರೆ, ಡೊಮೈನ್ (ವರ್ಷಕ್ಕಿಷ್ಟು ಎಂದು ಕಟ್ಟಿ ಪಡೆಯುವ ಜಾಲತಾಣದ ವಿಳಾಸ) ಹೆಸರು ನಿಮ್ಮದಾಗಿದ್ದರೆ ಮನೆ ಬದಲಾಯಿಸಿದರೂ ವಿಳಾಸ ಅದೇ ಉಳಿಯುತ್ತದೆ.

ನನಗೆ ಇದು ಪೆಟ್ಟು ತಿಂದು ಬಂದ ಬುದ್ಧಿ. ನನ್ನ ಮೊದಲ ಬ್ಲಾಗಿನ ಡೊಮೈನನ್ನು ಗೆಳೆಯನೊಬ್ಬ ತನ್ನ ಖಾತೆಯಿಂದಲೇ ಕೊಂಡುಕೊಟ್ಟಿದ್ದ. ಪ್ರೀತಿಯಿಂದಲೇ ಮಾಡಿದ್ದ. ಮುಂದೆ ಅವನು ಪುಣೆಗೆ ಹೋದ, ಇಮೇಲ್ ಬದಲಾಯಿಸಿದ, ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಬಿದ್ದವು. ಒಂದು ಬೆಳಗ್ಗೆ ನನ್ನ ವಿಳಾಸದಲ್ಲಿ ಯಾರದೋ ಅಂಗಡಿ ತೆರೆದಿತ್ತು. ಬರಹಗಳ ಪ್ರತಿ ನನ್ನ ಬಳಿ ಇದ್ದವು, ಬರಹ ಉಳಿಯಿತು. ಆದರೆ ಐದು ವರ್ಷ ಜನ ಹಂಚಿಕೊಂಡಿದ್ದ ಕೊಂಡಿಗಳೆಲ್ಲ ಆ ಅಂಗಡಿಗೆ ಹೋಗಿ ನಿಂತವು. ಆದ್ದರಿಂದ ಡೊಮೈನ್ ಕೊಳ್ಳುವಾಗ ಹೆಸರು, ಇಮೇಲ್, ಮೊಬೈಲ್ ನಂಬರ್ ಮೂರೂ ನಿಮ್ಮವೇ ಇರಲಿ. ಮಾಡಿಕೊಡುವವರು ಅಣ್ಣನೇ ಆಗಿರಲಿ, ತಮ್ಮನೇ ಆಗಿರಲಿ.

ಫೇಸ್‌ಬುಕ್ ಸಾಕು ಅನ್ನುವವರಿಗೆ

ಸಾಕಾಗುವುದೂ ಉಂಟು. ನಿಮ್ಮ ಓದುಗರು ನೆಂಟರು, ಊರವರು, ಹಳೇ ವಿದ್ಯಾರ್ಥಿಗಳೇ ಆಗಿದ್ದರೆ ಅವರು ಇರುವುದೇ ಫೇಸ್‌ಬುಕ್ಕಿನಲ್ಲಿ, ವಾಟ್ಸಾಪಿನಲ್ಲಿ. ಖರ್ಚಿಲ್ಲ, ಕಲಿಯುವುದೂ ಇಲ್ಲ. ಆದರೆ ಮೂರು ವರ್ಷದ ಹಿಂದೆ ಬರೆದ ಒಂದು ಹಾಡನ್ನು ಅಲ್ಲಿ ಹುಡುಕಿ ತೆಗೆಯಿರಿ ನೋಡೋಣ. ಅದು ಇವತ್ತಿನ ಮಾತಿಗೆ ಇರುವ ಕಟ್ಟೆ, ಕಡತ ಇಡುವ ಕಪಾಟಲ್ಲ. ಜೊತೆಗೆ ಕಂಪನಿ ಮನಸ್ಸು ಬದಲಾಯಿಸಿದರೆ ನಾವು ಏನೂ ಮಾಡಲಾರೆವು. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಬರೆದಿಟ್ಟು ಪ್ರತಿ ಇಟ್ಟುಕೊಳ್ಳದವರ ಬರಹ ಅಲ್ಲಿಗೇ ಮುಗಿಯಿತು. ಬರೆಯುವುದು ಬ್ಲಾಗಿನಲ್ಲಿ, ಕೊಂಡಿ ಹಂಚುವುದು ಫೇಸ್‌ಬುಕ್ಕಿನಲ್ಲಿ ಎಂದು ಮಾಡಿಕೊಂಡರೆ ಎರಡೂ ಕೈಗೆ ಸಿಗುತ್ತವೆ.

ಬ್ಲಾಗರ್

ಹೊಸಬರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. 1999ರಲ್ಲಿ ಶುರುವಾದ ಈ ಉಚಿತ ಬ್ಲಾಗ್ ಸೇವೆ 2003ರಿಂದ ಗೂಗಲ್ ಕೈಯಲ್ಲಿದೆ. ಹಳೆಯದು, ಹೊಸ ಸೌಲಭ್ಯಗಳು ಬರುವುದು ಅಪರೂಪ, ವಿನ್ಯಾಸಗಳಲ್ಲಿ ಕೆಲವು ಹತ್ತು ವರ್ಷ ಹಿಂದಿನವುಗಳಂತೆ ಕಾಣುತ್ತವೆ. ಆದರೂ ಇದರ ಒಂದು ಗುಣ ಬಹಳ ದೊಡ್ಡದು: ನಿಮ್ಮ ಸ್ವಂತ ಡೊಮೈನನ್ನು ಇದಕ್ಕೆ ಜೋಡಿಸಲು ಒಂದು ಪೈಸೆಯೂ ಕೊಡಬೇಕಿಲ್ಲ. ಡಾಟ್ ಇನ್ ಹೆಸರೊಂದಕ್ಕೆ ವರ್ಷಕ್ಕೆ ಸುಮಾರು 600ರಿಂದ 1,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಖರ್ಚು ಅಲ್ಲಿಗೆ ಮುಗಿಯಿತು. ಬ್ಲಾಗಿಗೆ ಓದುಗರು ನೂರು ಜನ ಬಂದರೂ ಲಕ್ಷ ಜನ ಬಂದರೂ ಸರ್ವರಿನ (ಪುಟಗಳನ್ನು ಇಟ್ಟು ಓದುಗರಿಗೆ ಒದಗಿಸುವ ಕಂಪ್ಯೂಟರಿನ) ಭಾರ ಗೂಗಲ್ಲಿನದು, ಭದ್ರ ಸಂಪರ್ಕದ (ಎಚ್‌ಟಿಟಿಪಿಎಸ್) ಸೌಲಭ್ಯವೂ ಉಚಿತವಾಗಿಯೇ ಬರುತ್ತದೆ.

ಜೋಡಿಸುವುದು ಹೆದರುವಂಥ ಕೆಲಸವಲ್ಲ. ಡೊಮೈನ್ ಕೊಂಡ ಕಂಪನಿಯ ಡಿಎನ್‌ಎಸ್ (ಡೊಮೈನ್ ಎಲ್ಲಿಗೆ ಕರೆದೊಯ್ಯಬೇಕೆಂದು ಹೇಳುವ ಪಟ್ಟಿ) ಪುಟದಲ್ಲಿ, ಬ್ಲಾಗರ್ ಕೊಡುವ ಎರಡು ಸಿನೇಮ್ (CNAME) ಸಾಲುಗಳನ್ನು ಹಾಗೆಯೇ ಅಂಟಿಸಬೇಕು. ಕೆಲವೊಮ್ಮೆ ಅರ್ಧ ಗಂಟೆಯಲ್ಲಿ, ಕೆಲವೊಮ್ಮೆ ಮರುದಿನ ಅದು ಕೆಲಸ ಶುರು ಮಾಡುತ್ತದೆ. ಹಣವಿಲ್ಲದಿದ್ದರೆ ಈಗ ಬ್ಲಾಗರ್ ಕೊಡುವ ಉಚಿತ ಬ್ಲಾಗ್‌ಸ್ಪಾಟ್ ವಿಳಾಸದಲ್ಲೇ ಶುರು ಮಾಡಿ, ಮುಂದಿನ ವರ್ಷ ಡೊಮೈನ್ ಜೋಡಿಸಿ. ಹಳೇ ಕೊಂಡಿ ಒತ್ತಿದವರನ್ನು ಬ್ಲಾಗರ್ ತಾನೇ ಹೊಸ ವಿಳಾಸಕ್ಕೆ ಕರೆತರುತ್ತದೆ. ಬಡವರಿಗೆ ಇದು ದೊಡ್ಡ ಅನುಕೂಲ.

ಒಂದು ಲೋಪ ಮಾತ್ರ ಕನ್ನಡದವರೆಲ್ಲ ತಿಳಿದಿರಬೇಕು. ಬ್ಲಾಗರ್ ಬರಹದ ವಿಳಾಸವನ್ನು ತಲೆಬರಹದಿಂದ ತಾನೇ ಕಟ್ಟುತ್ತದೆ, ಆದರೆ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಪ್ರತಿ ಬರಹಕ್ಕೂ 'ಬ್ಲಾಗ್ ಪೋಸ್ಟ್' ಎಂಬ ಒಂದೇ ಹೆಸರಿಟ್ಟು ಕೊನೆಗೆ ಅಂಕಿ ಸೇರಿಸುತ್ತದೆ. ಪ್ರಕಟಿಸುವ ಮುನ್ನ ಬಲಗಡೆಯ ಪರ್ಮಾಲಿಂಕ್ (ಬರಹದ ಕಾಯಂ ವಿಳಾಸ) ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದದ ಹೆಸರು ನೀವೇ ಬರೆಯಿರಿ. ಪ್ರಕಟಿಸಿದ ಮೇಲೆ ಬದಲಾಯಿಸಿದರೆ ಹಳೇ ಕೊಂಡಿ ಮುರಿಯುತ್ತದೆ.

ಹೊರಡುವ ದಾರಿ ಇಲ್ಲಿ ಸಲೀಸು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಒತ್ತಿದರೆ ಬರಹ, ಪ್ರತಿಕ್ರಿಯೆಗಳಿರುವ ಫೈಲನ್ನು ಇಳಿಸಿಕೊಳ್ಳಬಹುದು. ಅದನ್ನು ವರ್ಡ್‌ಪ್ರೆಸ್ ಒಳಗೆ ತೆಗೆದುಕೊಳ್ಳಬಲ್ಲದು. ಚಿತ್ರಗಳು ಮಾತ್ರ ಆ ಫೈಲಿನಲ್ಲಿ ಇರುವುದಿಲ್ಲ, ಅವುಗಳ ಕೊಂಡಿ ಇರುತ್ತದೆ. ಮೂಲ ಫೋಟೋಗಳನ್ನು ಬೇರೆ ಕಡೆ ಇಟ್ಟುಕೊಳ್ಳಲೇಬೇಕು.

ವರ್ಡ್‌ಪ್ರೆಸ್ ಎಂದರೆ ಎರಡು

ಇಲ್ಲಿ ಗೊಂದಲವಾಗದವರನ್ನು ನಾನು ಕಂಡಿಲ್ಲ. ವರ್ಡ್‌ಪ್ರೆಸ್ ಎಂಬುದು 2003ರಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಇವತ್ತು ಜಗತ್ತಿನ ಜಾಲತಾಣಗಳಲ್ಲಿ ಹತ್ತಕ್ಕೆ ನಾಲ್ಕು ಅದರ ಮೇಲೆ ನಿಂತಿವೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಆಟೋಮ್ಯಾಟಿಕ್ ಎಂಬ ಕಂಪನಿ 2005ರಿಂದ ನಡೆಸುತ್ತಿರುವ ಸೇವೆ. ಅದೇ ತಂತ್ರಾಂಶವನ್ನು ಅವರ ಜಾಗದಲ್ಲಿ ನಮಗೆ ಬಾಡಿಗೆಗೆ ಕೊಡುತ್ತಾರೆ.

ಬಾಡಿಗೆಯದನ್ನು ಮೊದಲು ನೋಡೋಣ. ಉಚಿತ ಖಾತೆ ಇದೆ, ಮೊಬೈಲ್ ಆ್ಯಪ್ ಬ್ಲಾಗರಿಗಿಂತ ಬಹಳ ಮೇಲು. ಹೊಲದ ಬದುವಿನ ಮೇಲೆ ಕೂತು ಫೋಟೋ ಸಮೇತ ಬರೆದು ಹಾಕಬಹುದು. ಆದರೆ ಉಚಿತ ಖಾತೆಯಲ್ಲಿ ಅವರು ತಮ್ಮ ಜಾಹೀರಾತು ತೋರಿಸುತ್ತಾರೆ, ಜಾಗವೂ ಕಡಿಮೆ. ನಿಮ್ಮ ಸ್ವಂತ ಡೊಮೈನ್ ಜೋಡಿಸಬೇಕೆಂದರೆ ಹಣ ಕೊಡುವ ಯೋಜನೆಗೇ ಹೋಗಬೇಕು. ಅದು ವರ್ಷಕ್ಕೆ ಎರಡು ಮೂರು ಸಾವಿರದಿಂದ ಶುರುವಾಗಿ ಮೇಲೆ ಹೋಗುತ್ತದೆ. ವಿಳಾಸ ಮೊದಲು ಎಂದು ನಂಬಿದ ನನ್ನಂಥವನಿಗೆ ಈ ಉಚಿತ ಖಾತೆ ಒಪ್ಪಿಗೆಯಾಗುವುದಿಲ್ಲ. ವರ್ಷಕ್ಕೆ ಅಷ್ಟು ಹಣ ಹೊರೆಯಲ್ಲ, ಮೊಬೈಲೇ ಸರ್ವಸ್ವ, ಬೀಗ ಚಿಲಕದ ಚಿಂತೆ ಬೇಡ ಎನ್ನುವವರಿಗೆ ಇದರ ಹಣದ ಯೋಜನೆ ನಿಜವಾಗಿಯೂ ಒಳ್ಳೆಯದು.

ಇನ್ನು ಸ್ವಂತ ಮನೆ. ವಚನಗಳನ್ನು ಹುಡುಕಿ ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು ಅವನ್ನು ಅಚ್ಚು ಹಾಕಿಸಲು ಬೇರೆಯವರ ಮುದ್ರಣಾಲಯಗಳನ್ನು ನೆಚ್ಚಿ ಸಾಕಾಗಿ, 1920ರ ದಶಕದಲ್ಲಿ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಏನು ಅಚ್ಚಾಗಬೇಕು, ಯಾವಾಗ ಆಗಬೇಕು ಎಂಬುದು ಅವರ ಕೈಗೆ ಬಂತು. ಅದರ ಸಾಲ, ಅಚ್ಚಿನ ಮೊಳೆ, ಕಾಗದ, ದುರಸ್ತಿ ಎಲ್ಲವೂ ಅವರ ಹೆಗಲಿಗೇ ಬಂದವು. ಸ್ವಂತ ಹೋಸ್ಟಿಂಗಿನ, ಅಂದರೆ ಸರ್ವರಿನಲ್ಲಿ ಜಾಗ ಹಿಡಿದು ನಾವೇ ಹಾಕಿಕೊಂಡು ನಡೆಸುವ ವರ್ಡ್‌ಪ್ರೆಸ್ ಸಣ್ಣ ಪ್ರಮಾಣದಲ್ಲಿ ಅದೇ. ಬೇಕಾದ ವಿನ್ಯಾಸ, ಬೇಕಾದ ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ), ಅಂಗಡಿ, ಎರಡು ಮೂರು ಭಾಷೆ, ಎಲ್ಲ ಹಾಕಬಹುದು, ಯಾರ ಅಪ್ಪಣೆಯೂ ಬೇಡ.

ಹೊರುವುದೇನು ಎಂಬುದನ್ನೂ ಹೇಳಬೇಕು. ಹೋಸ್ಟಿಂಗ್ ಜಾಹೀರಾತುಗಳಲ್ಲಿ ತಿಂಗಳಿಗೆ ಅರವತ್ತು, ಎಪ್ಪತ್ತು ರೂಪಾಯಿ ಎಂದು ದೊಡ್ಡಕ್ಷರದಲ್ಲಿ ಇರುತ್ತದೆ. ಆ ದರ ಸಿಗಬೇಕಾದರೆ ಮೂರು ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಬೇಕು, ನವೀಕರಣದ ದರ ಅದಕ್ಕಿಂತ ಬಹಳ ಹೆಚ್ಚು. ಕಾರ್ಡ್ ಒತ್ತುವ ಮುನ್ನ ನವೀಕರಣದ ಬೆಲೆ ಎಷ್ಟು ಎಂದು ಸಣ್ಣಕ್ಷರದಲ್ಲಿ ಹುಡುಕಿ ಓದಿ. ನನ್ನ ಲೆಕ್ಕದಲ್ಲಿ ಸಣ್ಣ ಬ್ಲಾಗಿಗೆ ಡೊಮೈನ್ ಸೇರಿ ವರ್ಷಕ್ಕೆ ಮೂರರಿಂದ ಆರು ಸಾವಿರ ಎತ್ತಿಟ್ಟವರು ಮಾತ್ರ ಈ ದಾರಿಗೆ ಬರಬೇಕು. ಹಣಕ್ಕಿಂತ ಹೊತ್ತು ಮುಖ್ಯ: ತಂತ್ರಾಂಶ, ವಿನ್ಯಾಸ, ಪ್ಲಗಿನ್ ಮೂರನ್ನೂ ಮೇಲಿಂದ ಮೇಲೆ ನವೀಕರಿಸಬೇಕು. ಎರಡು ಮೂರು ತಿಂಗಳು ತಿರುಗಿ ನೋಡದ ತಾಣದೊಳಗೆ ಯಾವುದೋ ಹಳೇ ಪ್ಲಗಿನ್ನಿನ ಬಿರುಕಿನಿಂದ ಕಳ್ಳರು ನುಗ್ಗಬಹುದು. ಬ್ಯಾಕಪ್ ಪ್ಲಗಿನ್ ಹಾಕಿ, ಪ್ರತಿಯು ಅದೇ ಸರ್ವರಿನಲ್ಲಿ ಬೀಳದೆ ನಿಮ್ಮ ಗೂಗಲ್ ಡ್ರೈವಿಗೆ ಹೋಗುವಂತೆ ಮಾಡಬೇಕು. ವಾರಕ್ಕೆ ಅರ್ಧ ಗಂಟೆ ಇದಕ್ಕೇ ಮೀಸಲಿಡಲಾಗದವರು ಈ ದಾರಿ ಹಿಡಿಯಬಾರದು, ಇದನ್ನು ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ.

ವರ್ಡ್‌ಪ್ರೆಸ್ಸಿನಲ್ಲೂ ಕೊಂಡಿಯ ತೊಂದರೆ ಇದೆ, ಆದರೆ ಬ್ಲಾಗರಿಗೆ ತಿರುಗುಮುರುಗಾಗಿ. ಅದು ಕನ್ನಡ ಅಕ್ಷರಗಳನ್ನು ಒಪ್ಪಿಕೊಳ್ಳುತ್ತದೆ. ಆದರೆ ಕೊಂಡಿಯನ್ನು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದಾಗ ಪ್ರತಿ ಕನ್ನಡ ಚಿಹ್ನೆಯೂ ಶೇಕಡಾ ಗುರುತು, ಅಂಕಿ, ಅಕ್ಷರ ಸೇರಿದ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ಗುಳೇದಗುಡ್ಡ ಎಂಬ ಒಂದೇ ಪದ ತೊಂಬತ್ತು ಚಿಹ್ನೆಯಾಗುತ್ತದೆ! ವಿಳಾಸದ ಆ ಭಾಗಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಮಿತಿ ಇನ್ನೂರು ಚಿಹ್ನೆ. ಹಾಗಾಗಿ ಸುಮಾರು ಇಪ್ಪತ್ತೆರಡು ಕನ್ನಡ ಚಿಹ್ನೆ ಮುಗಿದ ಕೂಡಲೇ ತಲೆಬರಹ ನಡುವೆಯೇ ಕತ್ತರಿಸಿಹೋಗುತ್ತದೆ. ಇಲ್ಲಿಯೂ ಮದ್ದು ಅದೇ, ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಬರೆಯುವುದು.

ಇದೇ ಕಾರಣಕ್ಕೆ ಕನ್ನಡ ಲಿಪಿಯ '.ಭಾರತ' ಡೊಮೈನ್ ಬಗ್ಗೆಯೂ ಯೋಚಿಸಿ ಹೆಜ್ಜೆ ಇಡಿ. ನಮ್ಮ ಲಿಪಿಯಲ್ಲಿ ವಿಳಾಸ ಕಂಡಾಗ ನನಗೂ ಎದೆ ತುಂಬುತ್ತದೆ. ಆದರೆ ನಕಲು ಮಾಡಿದಾಗ ಅದು ಹಲವು ಕಡೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಓದುಗರು ಮೋಸದ ಕೊಂಡಿ ಎಂದು ಬಿಟ್ಟುಬಿಡಬಹುದು. ಡಾಟ್ ಇನ್ ಮುಖ್ಯ ವಿಳಾಸವಾಗಿರಲಿ, ಹಣವಿದ್ದರೆ ಇದನ್ನೂ ಕೊಂಡು ಅದಕ್ಕೇ ತಿರುಗಿಸಿ.

ಇನ್ನೆರಡು ದಾರಿ

ಸಬ್‌ಸ್ಟ್ಯಾಕ್ ಓದುಗರ ಇಮೇಲಿಗೆ ಬರಹ ಕಳಿಸುತ್ತದೆ. ಬರೆಯಲು ಹಿತ, ಖರ್ಚಿಲ್ಲ. ಓದುಗರಿಂದ ಚಂದಾ ಪಡೆದರೆ ಮಾತ್ರ ಅದರಲ್ಲಿ ಹತ್ತು ಪ್ರತಿಶತ ಅವರಿಗೆ. ಓದುಗರ ಇಮೇಲ್ ಪಟ್ಟಿಯನ್ನು ನೀವು ಇಳಿಸಿಕೊಂಡು ಹೋಗಬಹುದು ಎಂಬುದು ಇದರ ನಿಜವಾದ ಬಲ. ಆದರೆ ನಮ್ಮ ಕಡೆ ಇಮೇಲ್ ತೆರೆದು ಓದುವವರು ನೌಕರಸ್ಥರು, ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರು. ಅವರಿಗಾಗಿ ಬರೆಯುವವರು ಇದನ್ನು ನೋಡಬಹುದು. ತೇರದಾಳದ ರೈತನಿಗೆ ಬರೆಯುವವರಿಗೆ ಇದು ತಲುಪದ ಓಲೆ.

ಗಿಟ್‌ಹಬ್ ಪೇಜಸ್ (ಕೋಡ್ ಇಡುವ ಗಿಟ್‌ಹಬ್ ತಾಣದ ಪುಟ ಸೇವೆ) ತಂತ್ರಾಂಶದವರ ದಾರಿ. ಬರಹವನ್ನು ಸಾದಾ ಫೈಲುಗಳಾಗಿ ಬರೆದು, ಹ್ಯೂಗೋದಂಥ ಸಾಧನದಿಂದ ಪುಟಗಳನ್ನಾಗಿ ಮಾಡಿ ಏರಿಸುವುದು. ಉಚಿತ, ಸ್ವಂತ ಡೊಮೈನ್ ಜೋಡಿಸಲೂ ಹಣವಿಲ್ಲ, ನುಗ್ಗಲು ಕಳ್ಳರಿಗೆ ಬಾಗಿಲು ಬಹಳ ಕಡಿಮೆ. ಪುಟ ಹಗುರ, ನೆಟ್‌ವರ್ಕ್ ಒಂದೇ ಕಡ್ಡಿ ಇದ್ದರೂ ತೆರೆದುಕೊಳ್ಳುತ್ತದೆ. ಬೆಳಗಾವಿಯ ಹುಡುಗನಿಗೆ ನಾನು ಎರಡನೆಯ ಮಾತಿಲ್ಲದೆ ಇದನ್ನೇ ಹೇಳಿದೆ. ಕಟ್ಟುತ್ತ ಕಟ್ಟುತ್ತ ಅವನು ಕಲಿಯುವುದೂ ಅವನ ಬರಹದ ವಸ್ತುವೇ ಆಗುತ್ತದೆ. ಬೇರೆಯವರು ಈ ಹಾದಿ ಹಿಡಿಯುವ ಅಗತ್ಯವಿಲ್ಲ.

ಎಲ್ಲಿ ಕಟ್ಟಿದರೂ ಬಿಡದ ಕೆಲಸಗಳು

ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಇನ್ನೂ 'ನುಡಿ', 'ಬರಹ' ಎಂಬ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪು ಮಾಡಿದ ಫೈಲುಗಳು ರಾಶಿ ಬಿದ್ದಿವೆ. ಅದನ್ನು ನೇರ ಬ್ಲಾಗಿಗೆ ಅಂಟಿಸಿದರೆ ಕಾಣುವುದು ಅರ್ಥವಿಲ್ಲದ ಗೆರೆಗಳು. ಮೊದಲು ಯೂನಿಕೋಡಿಗೆ (ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆಗೆ) ಬದಲಾಯಿಸಿ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ಓದಿ ತಿದ್ದಿ, ಕೆಡುವುದು ಅಲ್ಲೇ. ಕೈಬರಹದ ನೋಟ್‌ಬುಕ್ ಇದ್ದವರು ಮೊಬೈಲಿನ ಜಿಬೋರ್ಡ್ ಕೀಲಿಮಣೆ ತೆರೆದು ಮೈಕ್ ಒತ್ತಿ ಓದಿದರೆ ಕನ್ನಡದಲ್ಲೇ ಟೈಪಾಗುತ್ತದೆ. ನಮ್ಮ ಕಡೆಯ ಮಾತನ್ನು ಅದು ಪುಸ್ತಕದ ಮಾತಾಗಿ ತಿದ್ದಲು ನೋಡುತ್ತದೆ, 'ಹೊಂಟಾಳ' ಎಂದರೆ 'ಹೊರಟಳು' ಎಂದೀತು. ಹಾಡು ಬರೆಯುವಾಗ ಇದನ್ನು ಹಾಗೇ ಬಿಡಬಾರದು, ಕೈಯಿಂದ ಸರಿಪಡಿಸಿ.

ಅನೇಕ ವಿನ್ಯಾಸಗಳನ್ನು ಇಂಗ್ಲಿಷಿಗೆಂದು ಮಾಡಿರುತ್ತಾರೆ, ಸಾಲುಗಳ ನಡುವಿನ ಜಾಗ ಕನ್ನಡದ ಒತ್ತಕ್ಷರಕ್ಕೆ ಸಾಲುವುದಿಲ್ಲ. ಅಕ್ಷರದ ಗಾತ್ರ 18, ಸಾಲಿನ ಅಂತರ 1.7ರ ಆಸುಪಾಸು ಇಟ್ಟುಕೊಂಡರೆ ಹಿರಿಯರ ಕಣ್ಣಿಗೂ ಹಿತ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಇದ್ದರೆ ಸಾಕು. ಬರಹದೊಳಗೆ ಒಂದು ಕಡೆ ಮುಖ್ಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಇಳಕಲ್ ಸೀರೆ ಹುಡುಕುವ ಕನ್ನಡದವರೂ ಗೂಗಲ್ಲಿನಲ್ಲಿ ಬಹಳ ಸಲ ಇಂಗ್ಲಿಷ್ ಅಕ್ಷರದಲ್ಲೇ ಟೈಪು ಮಾಡುತ್ತಾರೆ.

ಜಾಹೀರಾತಿನ ಹಣದ ಮೇಲೆ ಲೆಕ್ಕ ಹಾಕಿ ಬ್ಲಾಗ್ ಶುರು ಮಾಡಬೇಡಿ. ಗೂಗಲ್ ಆ್ಯಡ್‌ಸೆನ್ಸ್‌ನಲ್ಲಿ ನೂರು ಡಾಲರ್ ತುಂಬುವವರೆಗೆ ಹಣ ಕೈಗೆ ಬರುವುದಿಲ್ಲ. ಸಣ್ಣ ಕನ್ನಡ ಬ್ಲಾಗಿಗೆ ಅಷ್ಟು ತುಂಬಲು ಬಹಳ ಕಾಲ ಬೇಕು. ಗುಳೇದಗುಡ್ಡದ ಹುಡುಗಿಗೆ ನಾನು ಹೇಳಿದ್ದು, ಜಾಹೀರಾತಿನ ಜಾಗದಲ್ಲಿ ನಿನ್ನ ಖಣದ ಫೋಟೋ ಹಾಕು, ಕೆಳಗೆ ವಾಟ್ಸಾಪ್ ಗುಂಡಿ ಇಡು. ಅವಳಿಗೆ ಈಗ ಬ್ಲಾಗರ್ ಮತ್ತು ಸ್ವಂತ ಡೊಮೈನ್ ಸಾಕು. ತಿಂಗಳಿಗೆ ಇಪ್ಪತ್ತು ಮೂವತ್ತು ಆರ್ಡರ್ ಬಂದು ಹಣ, ಸ್ಟಾಕ್, ಕೊರಿಯರ್ ಲೆಕ್ಕ ತಪ್ಪಲು ಶುರುವಾದ ದಿನ ಸ್ವಂತ ವರ್ಡ್‌ಪ್ರೆಸ್ಸಿಗೆ ಹೋಗಿ ವೂಕಾಮರ್ಸ್ ಎಂಬ ಪ್ಲಗಿನ್ ಹಾಕಿ ಅಂಗಡಿ ತೆರೆಯಲಿ. ಡೊಮೈನ್ ಅವಳದೇ ಆದ್ದರಿಂದ ಗಿರಾಕಿಗಳು ಅದೇ ಬಾಗಿಲಿಗೆ ಬರುತ್ತಾರೆ. ಹಳೇ ಬರಹಗಳ ಕೊಂಡಿಗಳ ರೂಪ ಎರಡರಲ್ಲಿ ಬೇರೆಯಾಗಿರುತ್ತದೆ. ಸಾಗಿಸುವ ದಿನ ಅವನ್ನು ಹಳೆಯದರಂತೆಯೇ ಇಟ್ಟುಕೊಳ್ಳಲು ತಿಳಿದವರ ನೆರವು ಪಡೆಯಬೇಕು.

ಶಿಕ್ಷಕಿಯವರದು ಬೇರೆ ಲೆಕ್ಕ. ಅವರಿಗೆ ಮಾರಬೇಕಾದ್ದಿಲ್ಲ, ಬ್ಲಾಗ್ ಅವರ ನಂತರವೂ ಉಳಿಯಬೇಕು. ಹಣ ಕಟ್ಟುವುದು ನಿಂತ ದಿನ ಸ್ವಂತ ಹೋಸ್ಟಿಂಗ್ ಆರಿಹೋಗುತ್ತದೆ, ಆದ್ದರಿಂದ ಅದು ಬೇಡವೆಂದೆ. ಡೊಮೈನ್ ಕೂಡ ಬೇಡ, ಬರೀ ಬ್ಲಾಗ್‌ಸ್ಪಾಟ್ ವಿಳಾಸ ಸಾಕು ಎಂದಾಗ ಅವರಿಗೆ ಅಚ್ಚರಿಯಾಯಿತು. ಇಷ್ಟು ಹೊತ್ತು ವಿಳಾಸ, ವಿಳಾಸ ಎಂದವನು ನಾನೇ. ಆದರೆ ವರ್ಷವರ್ಷವೂ ನವೀಕರಿಸುವ ಕೈ ಇಲ್ಲದ ಕಡೆ ಡೊಮೈನ್ ಅಪಾಯದ್ದೇ: ಅದು ತಪ್ಪಿದರೆ ಬ್ಲಾಗಿನ ಬಾಗಿಲೇ ಬೇರೆಯವರ ಪಾಲಾಗಬಹುದು. ಇನ್ನೊಂದು ಮಾತು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮ ಗೂಗಲ್‌ನಲ್ಲಿದೆ. ಅದಕ್ಕೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನಿಷ್ಕ್ರಿಯ ಖಾತೆಯ ನಿರ್ವಹಣೆ ಎಂಬಲ್ಲಿ ಮೊಮ್ಮಗಳ ಇಮೇಲ್ ಸೇರಿಸಿಕೊಟ್ಟೆ. ಬ್ಲಾಗಿನ ನಿರ್ವಾಹಕರ ಪಟ್ಟಿಯಲ್ಲೂ ಅವಳ ಹೆಸರು ಹಾಕಿದೆವು, ಹಾಗಾದರೆ ಅಜ್ಜಿಯ ನಂತರವೂ ಅವಳು ಒಳಗೆ ಬಂದು ಬ್ಯಾಕಪ್ ತೆಗೆಯಬಲ್ಲಳು.

ಖಾತೆಯ ಇಮೇಲ್, ನಂಬರ್, ಬ್ಯಾಕಪ್ ಇಟ್ಟ ಜಾಗ ಇಷ್ಟನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಇಡಿ ಎಂದಿದ್ದೆ. ಅವರು ನಾಲ್ಕನೆಯ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು, ಕೊನೆಯ ಹಾಡಿನ ಕೆಳಗೆ ಒಂದು ಗೆರೆ ಎಳೆದು, ಅಲ್ಲೇ ಬರೆದುಕೊಂಡರು.